ಭಂಗಾರ್ ಮತ್ತು ಬಂಗಾರ

ಬೆಳಗಿನ ಏಳೆಂಟು ಗಂಟೆಯ ಹೊತ್ತಿಗೆ ಮುಂಬಯಿಯ ಮನೆಮನೆಯಲ್ಲೂ ಒಂದು ಕೆಲಸ ನಡೆಯುತ್ತದೆ. ಅದನ್ನು ನಾವಾರೂ ಕೆಲಸವೆಂದೇ ಎಣಿಸುವುದಿಲ್ಲ. ಹಿಂದಿನ ರಾತ್ರಿ ಉಳಿದ ಅನ್ನ, ತರಕಾರಿಯ ಸಿಪ್ಪೆ, ಚಹಾದ ಚರಟ, ಹಾಲಿನ ಖಾಲಿ ಚೀಲ, ಮಕ್ಕಳು ತಿಂದುಳಿದ ವೇಫರ್ಸಿನ ಪೊಟ್ಟಣ, ಒಡೆದ ಬಲ್ಬು, ಮುಗಿದ ಔಷಧಿಯ ಬಾಟಲಿ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ಬಾಗಿಲ ಹೊರಗಿಡುತ್ತೇವೆ. ಸ್ವಲ್ಪ ಹೊತ್ತಿಗೆ ಡಬ್ಬಿ ಖಾಲಿಯಾಗಿರುತ್ತದೆ. ‘ಕಸ ಹೋಯಿತು’ ಎಂದು ಬಾಗಿಲು ಹಾಕಿಕೊಳ್ಳುತ್ತೇವೆ.

ಹೋಯಿತು ನಿಜ, ಆದರೆ ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಊರಿನಲ್ಲಿದ್ದಾಗ ಕೇಳಿಕೊಳ್ಳುವ ಅಗತ್ಯವೇ ಇರಲಿಲ್ಲ, ಏಕೆಂದರೆ ಉತ್ತರ ಕಣ್ಣೆದುರಿಗೇ ಇತ್ತು. ಮನೆಯ ಹಿತ್ತಲಲ್ಲಿ ತಿಪ್ಪೆ ಇತ್ತು. ಸೆಗಣಿ, ಬೂದಿ, ಸಿಪ್ಪೆ, ಬಾಡಿದ ಹೂವು ಎಲ್ಲ ಅಲ್ಲಿಗೇ ಬಿದ್ದು, ಮಳೆಗಾಲಕ್ಕೆ ಮುಂಚೆ ಗೊಬ್ಬರವಾಗಿ ಗದ್ದೆಗೆ ಹೋಗುತ್ತಿತ್ತು. ಕಸಕ್ಕೆ ಒಂದು ವಿಳಾಸವಿತ್ತು. ಮುಂಬಯಿಯಲ್ಲಿಯೂ ಕಸಕ್ಕೆ ವಿಳಾಸವಿದೆ. ನಾವದನ್ನು ಓದುವುದಿಲ್ಲ, ಅಷ್ಟೆ.

ಕಸದ ವಿಳಾಸ

ಚೆಂಬೂರು ನಮ್ಮವರು ಬಹಳ ಹಿಂದಿನಿಂದಲೂ ನೆಲೆಸಿರುವ ಉಪನಗರ. ಅಲ್ಲಿಗೆ ರೈಲುದಾರಿ ಮೊದಲು ಬಂದದ್ದು ಜನರಿಗಾಗಿ ಅಲ್ಲ, ಕಸಕ್ಕಾಗಿ ಎಂಬುದು ಎಷ್ಟು ಮಂದಿಗೆ ಗೊತ್ತು? ಕುರ್ಲಾದಿಂದ ಚೆಂಬೂರಿಗೆ 1906ರಲ್ಲಿ ಹಾಕಿದ ಒಂಟಿ ಹಳಿಯ ಮೇಲೆ ಓಡಿದ್ದು ಮುಂಬಯಿ ದ್ವೀಪದ ಕಸವನ್ನು ಹೊತ್ತ ಗಾಡಿಗಳು. ಪ್ರಯಾಣಿಕರಿಗೆ ಆ ದಾರಿ ತೆರೆದದ್ದು 1924ರಲ್ಲಿ. 1927ರಿಂದ ದೇವನಾರ್ ನಗರದ ಕಸದ ಮೈದಾನವಾಯಿತು. ಠಾಣೆ ಖಾರಿಯ ಅಂಚಿನಲ್ಲಿ ನೂರಮೂವತ್ತು ಹೆಕ್ಟೇರಿನಷ್ಟು ಹರಡಿರುವ ಆ ನೆಲದಲ್ಲಿ ನಮ್ಮ ತಾತ ಮುತ್ತಾತಂದಿರ ಕಾಲದ ಕಸವೂ ಅಡಿಯಲ್ಲಿದೆ.

ಎರಡನೆಯ ವಿಳಾಸ ಮಾಲಾಡಿನ ಚಿಂಚೋಳಿ ಬಂದರು. ಅಲ್ಲಿ ಕಸ ಸುರಿಯುವುದನ್ನು ನಿಲ್ಲಿಸಿ, ಮಣ್ಣು ಮುಚ್ಚಿ, ಮೇಲೆ ದೊಡ್ಡ ದೊಡ್ಡ ಕಚೇರಿ ಕಟ್ಟಡಗಳನ್ನು ಎಬ್ಬಿಸಿದರು. ಕೆಲವು ವರ್ಷಗಳಲ್ಲಿ ಅಲ್ಲಿಯ ಕಚೇರಿಗಳಲ್ಲಿ ಕಂಪ್ಯೂಟರುಗಳು ಮತ್ತೆ ಮತ್ತೆ ಕೆಡುತ್ತಿವೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮುಚ್ಚಿದ ಕಸ ಒಳಗೊಳಗೇ ಕೊಳೆತು ಬಿಡುತ್ತಿದ್ದ ಅನಿಲ ಲೋಹದ ತಂತಿಗಳನ್ನು ತಿನ್ನುತ್ತಿತ್ತು. ತಿಪ್ಪೆ ಸಾರಿಸುವುದು ಎಂಬ ನಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಗೊರಾಯಿಯ ಮೈದಾನ ತುಂಬಿ ಮುಚ್ಚಿತು. ಮುಲುಂಡಿನದು 2018ರಲ್ಲಿ ಮುಚ್ಚಿತು. ಈಚಿನ ವರ್ಷಗಳಲ್ಲಿ ನಗರದ ಕಸದ ಬಹುಪಾಲು ಕಾಂಜೂರ್‌ಮಾರ್ಗಕ್ಕೆ ಹೋಗುತ್ತಿದೆ. ದಿನಕ್ಕೆ ಆರು ಸಾವಿರ ಟನ್ನಿಗೂ ಹೆಚ್ಚು ಕಸ ಹುಟ್ಟುವ ಈ ನಗರದಲ್ಲಿ ‘ಹೊರಗೆ’ ಎಂಬ ಜಾಗವಿಲ್ಲ. ನಾವು ಹೊರಗೆ ಎಸೆದದ್ದೆಲ್ಲ ಇನ್ನೊಬ್ಬರ ಮನೆಯ ಎದುರಿಗೆ ಬೀಳುತ್ತದೆ. ದೇವನಾರ್ ಮೈದಾನಕ್ಕೆ ತಾಗಿಕೊಂಡೇ ಗೋವಂಡಿಯ ಶಿವಾಜಿನಗರ, ಬೈಗನ್‌ವಾಡಿಗಳಂಥ ಬಡವರ ವಸತಿಗಳಿವೆ. ಅವರು ಕಿಟಕಿ ತೆರೆದರೆ ಕಾಣುವುದು ನಮ್ಮೆಲ್ಲರ ಡಬ್ಬಿಗಳು.

ಬೆಂಕಿ ಹೊತ್ತಿದ್ದು ಏಕೆ?

2016ರ ಜನವರಿ ಕೊನೆಯ ವಾರ ನಿಮಗೆ ನೆನಪಿರಬಹುದು. ದೇವನಾರ್‌ನಲ್ಲಿ ಎದ್ದ ಬೆಂಕಿ ದಿನಗಟ್ಟಲೆ ಆರಲಿಲ್ಲ. ಹೊಗೆ ನಗರದ ಮೇಲೆಲ್ಲ ಹರಡಿತು, ಪಾಲಿಕೆಯ ಶಾಲೆಗಳಿಗೆ ರಜೆ ಕೊಡಬೇಕಾಯಿತು, ಬಾಹ್ಯಾಕಾಶದಿಂದ ತೆಗೆದ ಚಿತ್ರಗಳಲ್ಲಿ ಸಹ ಆ ಹೊಗೆ ಕಾಣಿಸಿತು. ಮಾರ್ಚಿಯಲ್ಲಿ ಮತ್ತೊಮ್ಮೆ ಬೆಂಕಿ.

ಬೆಂಕಿ ಯಾರು ಹಚ್ಚಿದರು ಎಂಬ ಚರ್ಚೆ ಆಗ ಬಹಳ ನಡೆಯಿತು. ಯಾರೇ ಹಚ್ಚಿರಲಿ, ಹತ್ತಿಕೊಳ್ಳುವಂಥ ಸಾಮಗ್ರಿ ಒದಗಿಸಿದವರು ಯಾರು ಎಂಬುದು ನಮಗೆ ಸಂಬಂಧಿಸಿದ ಪ್ರಶ್ನೆ. ಅನ್ನ, ಸಿಪ್ಪೆ, ಎಲೆ, ಹೂವು ಗಾಳಿಯಾಡುವ ಜಾಗದಲ್ಲಿ ಬಿದ್ದರೆ ಕೊಳೆತು ಗೊಬ್ಬರವಾಗುತ್ತವೆ. ಅದೇ ವಸ್ತುಗಳು ಪ್ಲಾಸ್ಟಿಕ್ ಚೀಲದೊಳಗೆ ಗಂಟು ಕಟ್ಟಿಸಿಕೊಂಡು, ಹತ್ತಾರು ಅಡಿ ಕಸದ ಕೆಳಗೆ ಗಾಳಿಯಿಲ್ಲದೆ ಬಿದ್ದಿದ್ದರೆ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಅವನ್ನು ಕೊಳೆಸುತ್ತವೆ. ಆಗ ಹುಟ್ಟುವುದು ಮೀಥೇನ್ ಅನಿಲ. ಇದು ಉರಿಯುವ ಅನಿಲ. ಅದರ ಅಕ್ಕಪಕ್ಕದಲ್ಲೇ ಒಣಗಿದ ಪ್ಲಾಸ್ಟಿಕ್, ಕಾಗದ, ಬಟ್ಟೆ, ರಬ್ಬರು. ಒಂದು ಕಿಡಿ ಸಾಕು. ಬೆಂಕಿ ಹೊತ್ತದಿದ್ದರೂ ಮೀಥೇನ್ ಸುಮ್ಮನಿರುವುದಿಲ್ಲ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈ ಆಕ್ಸೈಡಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಬಲವುಳ್ಳದ್ದು. ಇನ್ನು ಕೊಳೆತ ಕಸದಿಂದ ಇಳಿಯುವ ಕಪ್ಪು ನೀರು ಬ್ಯಾಟರಿ, ಬಣ್ಣ, ಔಷಧಿಗಳ ವಿಷವನ್ನು ತೊಳೆದುಕೊಂಡು ನೆಲದೊಳಕ್ಕೂ ಖಾರಿಗೂ ಇಳಿಯುತ್ತದೆ.

ಗಮನಿಸಿ: ಇಲ್ಲಿ ಸಿಪ್ಪೆಯೂ ಅಪರಾಧಿಯಲ್ಲ, ಪ್ಲಾಸ್ಟಿಕ್ಕೂ ಒಂಟಿಯಾಗಿ ಅಪರಾಧಿಯಲ್ಲ. ಎರಡನ್ನೂ ಬೆರೆಸಿದ್ದೇ ಅಪರಾಧ. ಈ ಲೇಖನ ಹೇಳಬೇಕಾದ ಮಾತು ಇದೊಂದೇ. ಬೇರೆ ಇಟ್ಟರೆ ಎರಡೂ ಸರಕು, ಬೆರೆಸಿದರೆ ಎರಡೂ ಕಸ. ಬೆರೆಸುವ ಕೆಲಸ ನಡೆಯುವುದು ಲಾರಿಯಲ್ಲಿ ಅಲ್ಲ, ದೇವನಾರ್‌ನಲ್ಲೂ ಅಲ್ಲ. ಮೊದಲು ನಡೆಯುವುದು ನಮ್ಮ ಅಡಿಗೆಮನೆಯ ಒಟ್ಟೆಯ ಕೆಳಗಿನ ಆ ಒಂದು ಡಬ್ಬಿಯಲ್ಲಿ.

ಭಂಗಾರ್‌ವಾಲಾನ ಪಾಠ

ಊರಿನಿಂದ ಹೊಸದಾಗಿ ಮುಂಬಯಿಗೆ ಬಂದ ಕನ್ನಡಿಗರನ್ನು ತಮಾಷೆ ಮಾಡುವ ಒಂದು ಮಾತುಂಟು. ಬೀದಿಯಲ್ಲಿ ‘ಭಂಗಾರ್... ಭಂಗಾರ್‌ವಾಲಾ’ ಎಂಬ ಕೂಗು ಕೇಳಿ, ಈ ಊರಿನಲ್ಲಿ ಬಂಗಾರವನ್ನೂ ತಳ್ಳುಗಾಡಿಯಲ್ಲಿ ಮಾರುತ್ತಾರೆಯೇ ಎಂದು ಅವರು ಬೆರಗಾಗುತ್ತಾರಂತೆ. ನಮ್ಮೂರಿನ ಗುಜರಿಯವನೇ ಇಲ್ಲಿನ ಭಂಗಾರ್‌ವಾಲಾ ಎಂದು ತಿಳಿಯಲು ಕೆಲವು ದಿನ ಬೇಕು. ಆದರೆ ಆ ತಪ್ಪು ತಿಳಿವಳಿಕೆಯಲ್ಲಿ ಒಂದು ಸತ್ಯ ಅಡಗಿದೆ. ಭಂಗಾರಕ್ಕೂ ಬಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ. ಅದನ್ನು ತೆಗೆದುಹಾಕುವುದು ಗೃಹಸ್ಥರ ಕೈಯಲ್ಲಿದೆ.

ಭಂಗಾರ್‌ವಾಲಾ ಯಾವುದನ್ನು ತೆಗೆದುಕೊಳ್ಳುತ್ತಾನೆ, ಯಾವುದನ್ನು ಬಿಡುತ್ತಾನೆ ಎಂಬುದನ್ನು ಗಮನಿಸಿದರೆ ಪುನರ್ಬಳಕೆಯ ಅರ್ಧ ಪಾಠ ಕಲಿತಂತೆ. ವೃತ್ತಪತ್ರಿಕೆ, ರಟ್ಟು, ಕಬ್ಬಿಣ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಗಟ್ಟಿ ಪ್ಲಾಸ್ಟಿಕ್, ಹಾಲಿನ ಚೀಲಗಳನ್ನು ಸಂತೋಷದಿಂದ ತೂಗುತ್ತಾನೆ. ಇವೆಲ್ಲ ಕೈಯಿಂದ ಕೈಗೆ ದಾಟಿ ಕೊನೆಗೆ ಕಾರ್ಖಾನೆ ಸೇರುತ್ತವೆ. ಧಾರಾವಿಯ ತೇರಾ ಕಂಪೌಂಡಿನಂಥ ಕಡೆ ನಗರದ ಪ್ಲಾಸ್ಟಿಕ್ಕನ್ನು ಬಣ್ಣ, ಜಾತಿಗಳ ಪ್ರಕಾರ ವಿಂಗಡಿಸಿ, ಪುಡಿ ಮಾಡಿ, ತೊಳೆದು ಒಣಗಿಸಿ, ಕರಗಿಸಿ ಮತ್ತೆ ಕಾಳುಗಳನ್ನಾಗಿ ಮಾಡುತ್ತಾರೆ. ಆ ಕಾಳುಗಳಿಂದ ಬಕೆಟ್ಟು, ಕೊಳವೆ, ಆಟಿಕೆ ಹುಟ್ಟುತ್ತವೆ.

ಅಲ್ಯೂಮಿನಿಯಂ ಅನ್ನು ಅದಿರಿನಿಂದ ತೆಗೆಯುವ ಬದಲು ಹಳೆಯದನ್ನೇ ಕರಗಿಸಿದರೆ ಸುಮಾರು ನೂರಕ್ಕೆ ತೊಂಬತ್ತೈದರಷ್ಟು ಶಕ್ತಿ ಉಳಿಯುತ್ತದೆ. ಗಾಜನ್ನು ಎಷ್ಟು ಸಲ ಕರಗಿಸಿದರೂ ಗಾಜೇ. ಕಾಗದದ ಸ್ಥಿತಿ ಹಾಗಲ್ಲ. ಪ್ರತಿ ಸಲ ಅರೆದಾಗಲೂ ಅದರ ನಾರು ಗಿಡ್ಡವಾಗುತ್ತಾ ಹೋಗಿ, ಐದಾರು ಸಲಕ್ಕೆ ಕೆಲಸಕ್ಕೆ ಬಾರದಂತಾಗುತ್ತದೆ. ಆದ್ದರಿಂದ ಒಂದು ಬದಿ ಮಾತ್ರ ಬರೆದ ಹಾಳೆಯನ್ನು ರದ್ದಿಗೆ ಹಾಕುವ ಮುನ್ನ ಇನ್ನೊಂದು ಬದಿಯನ್ನೂ ತುಂಬಿಸುವುದು ಜಿಪುಣತನವಲ್ಲ, ಜಾಣತನ.

ಭಂಗಾರ್‌ವಾಲಾ ಮುಟ್ಟದ ವಸ್ತುಗಳೂ ಇವೆ. ಹೊಳೆಯುವ ವೇಫರ್ಸ್ ಪೊಟ್ಟಣ, ಶಾಂಪೂ ಮತ್ತು ಗುಟ್ಖಾದ ಪುಟ್ಟ ಚೀಟಿಗಳು, ಥರ್ಮೊಕೋಲು, ಎಣ್ಣೆ ಹಿಡಿದ ಪಾರ್ಸೆಲ್ ಡಬ್ಬಿ. ಪೊಟ್ಟಣದ ಒಳಗೆ ಪ್ಲಾಸ್ಟಿಕ್ಕಿನ ಹಲವು ಪದರಗಳನ್ನೂ ಲೋಹದ ತೆಳು ಲೇಪವನ್ನೂ ಒಂದಕ್ಕೊಂದು ಅಂಟಿಸಿರುತ್ತಾರೆ. ಬಿಡಿಸಲಾಗದ ಈ ಮಿಶ್ರಣಕ್ಕೆ ಬೆಲೆ ಇಲ್ಲ. ಅಂಗಡಿಯಲ್ಲಿ ಒಂದು ವಸ್ತುವನ್ನು ಕೈಗೆತ್ತಿಕೊಂಡಾಗ ‘ಇದರ ಹೊದಿಕೆಯನ್ನು ಭಂಗಾರ್‌ವಾಲಾ ಕೊಳ್ಳುತ್ತಾನೆಯೇ?’ ಎಂದು ಒಮ್ಮೆ ಕೇಳಿಕೊಳ್ಳಿ. ಇಲ್ಲವೆಂದಾದರೆ ಅದರ ವಿಳಾಸ ಕಾಂಜೂರ್‌ಮಾರ್ಗ ಎಂದೇ ತಿಳಿಯಿರಿ.

ಮನೆಯಲ್ಲಿ ಮೂರು ಜಾಗ

ಆದ್ದರಿಂದ ಮನೆಯಲ್ಲಿ ಒಂದು ಡಬ್ಬಿಯ ಬದಲು ಮೂರು ಜಾಗ ಮಾಡಿರಿ. ದೊಡ್ಡ ಮನೆಯೇ ಬೇಕೆಂದಿಲ್ಲ, ಚಾಳಿನ ಒಂದು ಖೋಲಿಯಲ್ಲೂ ಸಾಧ್ಯ.

ಮೊದಲನೆಯದು ಹಸಿ ಕಸದ ಡಬ್ಬಿ. ಸಿಪ್ಪೆ, ಉಳಿದ ಅನ್ನ, ಚಹಾ ಚರಟ, ಮೊಟ್ಟೆಯ ಓಡು, ಮೀನಿನ ಮುಳ್ಳು, ದೇವರ ಹೂವು ಇದಕ್ಕೆ. ಡಬ್ಬಿಯೊಳಗೆ ಪ್ಲಾಸ್ಟಿಕ್ ಚೀಲ ಹಾಸಬೇಡಿ. ಹಳೆ ಪತ್ರಿಕೆಯ ಒಂದು ಹಾಳೆ ಸಾಕು.

ಎರಡನೆಯದು ಒಣ ಕಸದ ಚೀಲ. ಗ್ಯಾಲರಿಯ ಮೊಳೆಗೆ ನೇತುಹಾಕಿದ ಒಂದು ಹಳೆ ಅಕ್ಕಿಚೀಲವಾದರೂ ಸರಿ. ಕಾಗದ, ಪ್ಲಾಸ್ಟಿಕ್, ಗಾಜು, ತಗಡು ಇದಕ್ಕೆ. ಇಲ್ಲಿ ನಿಯಮ ಒಂದೇ. ತೊಳೆದು, ಒಣಗಿಸಿ ಹಾಕಬೇಕು. ಪಾತ್ರೆ ತೊಳೆದ ಕೊನೆಯ ನೀರಿನಲ್ಲೇ ಹಾಲಿನ ಚೀಲವನ್ನೂ ಜಾಲಿಸಿದರೆ ಆಯಿತು. ಚೀಲದ ಮೂಲೆಯನ್ನು ಕತ್ತರಿಸುವಾಗ ಪೂರ್ತಿ ಬೇರೆ ಮಾಡದೆ ಅಂಟಿಕೊಂಡಿರುವಂತೆ ಬಿಡಿ. ಬೇರೆಯಾದ ಆ ಚಿಟಿಕೆಯಷ್ಟು ತುಂಡನ್ನು ಜಗತ್ತಿನಲ್ಲಿ ಯಾರೂ ಆಯ್ದುಕೊಳ್ಳಲಾರರು. ಅದು ಸೇರುವುದು ಗಟಾರವನ್ನೇ. ಗಟಾರ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದನ್ನು 2005ರ ಜುಲೈ 26 ನಮಗೆ ಹೇಳಿಕೊಟ್ಟಿದೆ. ಅಂದು ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ ಬಿದ್ದ 944 ಮಿಲಿಮೀಟರ್ ಮಳೆಗೆ ಪ್ಲಾಸ್ಟಿಕ್ ಕಾರಣವಲ್ಲ. ಆದರೆ ನೀರು ಹರಿದುಹೋಗದಿದ್ದುದರಲ್ಲಿ ತೆಳು ಚೀಲಗಳ ಪಾಲೂ ಇತ್ತೆಂದು ಆಮೇಲೆ ರಾಜ್ಯ ಸರಕಾರ ಐವತ್ತು ಮೈಕ್ರಾನಿಗಿಂತ ತೆಳುವಾದ ಚೀಲಗಳನ್ನು ನಿಷೇಧಿಸಿತು. 2018ರಲ್ಲಿ ನಿಷೇಧ ಇನ್ನೂ ಬಿಗಿಯಾಯಿತು.

ಮೂರನೆಯದು ಎಚ್ಚರಿಕೆಯ ಡಬ್ಬಿ. ಒಡೆದ ಗಾಜು, ಬ್ಲೇಡು, ಬಲ್ಬು, ಟ್ಯೂಬ್‌ಲೈಟು, ಬ್ಯಾಟರಿ, ಅವಧಿ ಮೀರಿದ ಮಾತ್ರೆ, ಬಣ್ಣದ ಡಬ್ಬ ಇದಕ್ಕೆ. ಟ್ಯೂಬ್‌ಲೈಟಿನಲ್ಲಿ ಪಾದರಸವಿರುತ್ತದೆ, ಒಡೆದು ಹಾಕಬಾರದು. ಇಂದು ನಮ್ಮಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿಲ್ಲದ ಮನೆ ಕಡಿಮೆ. ಇನ್ಸುಲಿನ್ ಸೂಜಿಯನ್ನು ಹಾಗೇ ಡಬ್ಬಿಗೆ ಎಸೆಯದೆ, ಗಟ್ಟಿ ಪ್ಲಾಸ್ಟಿಕ್ ಬಾಟಲಿಯೊಂದರಲ್ಲಿ ಕೂಡಿಟ್ಟು ಮುಚ್ಚಳ ಬಿಗಿದು ಕೊಡಬೇಕು. ಸ್ಯಾನಿಟರಿ ಪ್ಯಾಡು, ಮಕ್ಕಳ ಡಯಾಪರುಗಳನ್ನು ಪತ್ರಿಕೆಯಲ್ಲಿ ಸುತ್ತಿ, ಮೇಲೆ ಒಂದು ಕೆಂಪು ಚುಕ್ಕೆ ಇಟ್ಟು ಬೇರೆಯಾಗಿಯೇ ಕೊಡಬೇಕು. ಏಕೆ ಎಂದು ಕೇಳಿದರೆ, ಅದಕ್ಕೆ ಉತ್ತರ ಪುಣೆಯ ಹೆಂಗಸರು ಕೊಟ್ಟಿದ್ದಾರೆ.

ಕಸವನ್ನು ಮುಟ್ಟುವ ಕೈ

ನಾವು ಮುಟ್ಟಲು ಹೇಸುವುದನ್ನು ಕೊನೆಗೆ ಒಬ್ಬರು ಬರಿಗೈಯಲ್ಲಿ ಬಿಡಿಸಲೇಬೇಕು. ನಮ್ಮ ನಗರಗಳಲ್ಲಿ ಆ ಕೈ ಹೆಚ್ಚಾಗಿ ಬಡ ಹೆಂಗಸಿನದು, ಅದರಲ್ಲೂ ದಲಿತ ಹೆಂಗಸಿನದು. ಚಿಂದಿ ಆಯುವವಳು ಎಂದು ಅವಳನ್ನು ಕರೆಯುತ್ತೇವೆ. ನಗರ ಅವಳಿಗೆ ಸಂಬಳ ಕೊಡುವುದಿಲ್ಲ, ಅವಳು ನಗರಕ್ಕೆ ಲಾರಿಗಟ್ಟಲೆ ಸಾಗಾಣಿಕೆಯ ಖರ್ಚು ಉಳಿಸಿಕೊಡುತ್ತಾಳೆ.

ಪುಣೆಯಲ್ಲಿ ಈ ಹೆಂಗಸರು 1993ರಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘಟನೆ ಕಟ್ಟಿಕೊಂಡರು. ಹೆಸರಿನಲ್ಲೇ ಕಾಗದ, ಗಾಜು, ತಗಡು, ಕಷ್ಟಪಡುವವರು ಎಲ್ಲ ಬಂದುಬಿಟ್ಟಿವೆ. ಹಮಾಲರನ್ನು ಸಂಘಟಿಸಿದ ಡಾ. ಬಾಬಾ ಆಢಾವ್ ಅವರೂ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರೂ ಅವರ ಜತೆ ನಿಂತರು. ಮೊದಲು ಅವರು ಕೇಳಿದ್ದು ಹಣವನ್ನಲ್ಲ, ಗುರುತಿನ ಚೀಟಿಯನ್ನು. ಕಳ್ಳರೆಂದು ಯಾರೂ ಅಟ್ಟಬಾರದು, ತಾವು ಮಾಡುವುದು ಕೆಲಸವೆಂದು ನಗರ ಒಪ್ಪಬೇಕು ಎಂಬುದೇ ಅವರ ಬೇಡಿಕೆ. 2008ರಲ್ಲಿ ಅವರದೇ ಸಹಕಾರಿ ಸಂಸ್ಥೆ ‘ಸ್ವಚ್ಛ್’ ಪುಣೆ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆ ಮನೆಯಿಂದ ಕಸ ಸಂಗ್ರಹಿಸತೊಡಗಿತು. ಕಸದ ರಾಶಿಯ ಮೇಲೆ ಬಗ್ಗಿ ಆಯುತ್ತಿದ್ದವರು ಮನೆಯ ಬಾಗಿಲಿಗೆ ಬಂದು ಕಸ ಕೇಳುವ, ತಿಂಗಳಿಗೆ ಸೇವಾ ಶುಲ್ಕ ಪಡೆಯುವ ಕಾರ್ಮಿಕರಾದರು.

ಅವರು ಪಡುತ್ತಿದ್ದ ಪಾಡಿನಲ್ಲಿ ಅತಿ ಹೇಯವಾದದ್ದು ಸುತ್ತದೆ ಎಸೆದ ಸ್ಯಾನಿಟರಿ ಪ್ಯಾಡುಗಳನ್ನು ಕೈಯಿಂದ ಬೇರ್ಪಡಿಸುವುದು. 2013ರಲ್ಲಿ ಅವರು ಬಳಸಿದ ಪ್ಯಾಡುಗಳನ್ನು ಚೀಲಕ್ಕೆ ತುಂಬಿ ತಯಾರಿಕಾ ಕಂಪನಿಗಳಿಗೇ ಕಳುಹಿಸಿಕೊಟ್ಟರು. ‘ನೀವು ಮಾಡಿದ್ದು, ನೀವೇ ನೋಡಿಕೊಳ್ಳಿ’ ಎಂಬುದು ಅದರ ಅರ್ಥ. ಕೆಂಪು ಚುಕ್ಕೆಯ ಅಭಿಯಾನವೂ ಅವರದೇ. ಪ್ರತಿಭಟನೆ ಕಂಪನಿಗಳ ವಿರುದ್ಧವಾಗಿತ್ತು, ಆದರೆ ನಮಗೂ ಅದು ಮುಟ್ಟಬೇಕಾದದ್ದು. ಒಂದು ಹಾಳೆ ಪತ್ರಿಕೆಯಿಂದ, ಕೆಂಪು ಶಾಯಿಯ ಒಂದು ಚುಕ್ಕೆಯಿಂದ ಇನ್ನೊಬ್ಬ ಹೆಂಗಸಿನ ಮಾನವನ್ನು ಕಾಯಬಹುದು ಎಂದಾದರೆ ಅಷ್ಟೂ ನಮ್ಮಿಂದ ಆಗದೇ?

ಮುಂಬಯಿಯಲ್ಲಿಯೂ ಸ್ತ್ರೀ ಮುಕ್ತಿ ಸಂಘಟನೆ ಚಿಂದಿ ಆಯುವ ಹೆಂಗಸರಿಗೆ ಗೊಬ್ಬರ ತಯಾರಿಕೆ, ಒಣ ಕಸದ ವಿಂಗಡಣೆಯ ತರಬೇತಿ ಕೊಟ್ಟು ಹೌಸಿಂಗ್ ಸೊಸೈಟಿಗಳಲ್ಲಿ ಕೆಲಸಕ್ಕೆ ಹಚ್ಚಿದೆ. ನಿಮ್ಮ ಕಟ್ಟಡಕ್ಕೆ ಬರುವ ಬಾಯಿಯ ಹೆಸರು ನಿಮಗೆ ಗೊತ್ತಿದೆಯೇ? ಇಲ್ಲವಾದರೆ ನಾಳೆ ಕೇಳಿ. ಕಸ ಬೇರ್ಪಡಿಸುವ ಕೆಲಸ ಅಲ್ಲಿಂದಲೇ ಶುರುವಾಗಲಿ.

‘ಲಾರಿಯಲ್ಲಿ ಎಲ್ಲ ಒಂದೇ ಅಲ್ಲವೇ?’

ಈ ಮಾತೆತ್ತಿದೊಡನೆ ಕೇಳಿಬರುವ ಆಕ್ಷೇಪ ಒಂದಿದೆ. ನಾವು ಎಷ್ಟೇ ಬೇರೆ ಮಾಡಿ ಕೊಟ್ಟರೂ ಕೊನೆಗೆ ಲಾರಿಯವರು ಎಲ್ಲವನ್ನೂ ಒಟ್ಟಿಗೇ ಸುರಿಯುತ್ತಾರೆ, ಮತ್ತೇಕೆ ಈ ತಾಪತ್ರಯ?

ಆಕ್ಷೇಪ ಸುಳ್ಳಲ್ಲ. ಅನೇಕ ಕಡೆ ಹಾಗೆ ನಡೆದಿದೆ. ಆದರೆ ಅದಕ್ಕೆ ಉತ್ತರವಿದೆ. ಬೇರ್ಪಡಿಸಿದ ಒಣ ಕಸ ಲಾರಿಯವರೆಗೆ ಹೋಗಬೇಕಾಗಿಯೇ ಇಲ್ಲ. ಅದನ್ನು ಮನೆಗೆಲಸದ ಬಾಯಿಗೋ, ವಾಚ್‌ಮನ್‌ಗೋ, ಚಿಂದಿ ಆಯುವವರಿಗೋ, ಭಂಗಾರ್‌ವಾಲಾಗೋ ಕೊಟ್ಟುಬಿಟ್ಟರೆ ಆಯಿತು. ಹದಿನೈದು ದಿನ ಇಟ್ಟರೂ ತೊಳೆದ ಒಣ ಕಸ ನಾರುವುದಿಲ್ಲ. ಹಸಿ ಕಸ ಮನೆಯ ಕುಂಡಕ್ಕೋ ಸೊಸೈಟಿಯ ಗುಂಡಿಗೋ ಹೋದರೆ ಲಾರಿಗೆ ಉಳಿಯುವುದು ಮೂರನೆಯ ಡಬ್ಬಿ ಹಾಗೂ ಯಾರೂ ಕೊಳ್ಳದ ಒಂದಿಷ್ಟು ಪೊಟ್ಟಣಗಳು. ಬೆರೆಸಲು ಲಾರಿಯವನಿಗೆ ನಾವು ಏನನ್ನೂ ಉಳಿಸಿರುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತ ಬಂದಿದೆ. ಬೆಂಗಳೂರಿನ ಆಲ್ಮಿತ್ರಾ ಪಟೇಲ್ ಎಂಬ ಮಹಿಳೆ ನಗರಗಳ ಕಸದ ಅವ್ಯವಸ್ಥೆಯ ವಿರುದ್ಧ 1996ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯ ಫಲವಾಗಿಯೇ 2000ದಲ್ಲಿ ಇಡೀ ದೇಶಕ್ಕೆ ನಗರ ತ್ಯಾಜ್ಯದ ನಿಯಮಗಳು ಬಂದವು. 2016ರ ನಿಯಮಗಳು ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಮೂರು ಬಗೆಯಾಗಿ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿದವು. ದಿನಕ್ಕೆ ನೂರು ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವ ದೊಡ್ಡ ಸೊಸೈಟಿ, ಹೋಟೆಲುಗಳು ತಮ್ಮ ಹಸಿ ಕಸವನ್ನು ತಮ್ಮ ಆವರಣದಲ್ಲೇ ವಿಲೇವಾರಿ ಮಾಡಬೇಕೆಂದು ಮುಂಬಯಿ ಪಾಲಿಕೆ 2017ರಲ್ಲಿ ಸೂಚನೆ ಹೊರಡಿಸಿತು.

ಕಾನೂನಿಗೂ ಮುಂಚೆ ಜನ ಎದ್ದು ನಿಂತ ಉದಾಹರಣೆಯೂ ಇದೇ ನಗರದಲ್ಲಿದೆ. 1990ರ ದಶಕದ ಕೊನೆಯ ಭಾಗದಲ್ಲಿ ಘಾಟ್‌ಕೋಪರ್ ಪೂರ್ವದ ಜೋಶಿ ಲೇನ್ ನಿವಾಸಿಗಳು ತಮ್ಮ ಗಲ್ಲಿಯ ಕಸವನ್ನು ತಾವೇ ಬೇರ್ಪಡಿಸಿ ನಿಭಾಯಿಸತೊಡಗಿದರು. ಪಾಲಿಕೆ ಅದನ್ನೇ ಮಾದರಿಯಾಗಿಟ್ಟುಕೊಂಡು ‘ಎ.ಎಲ್.ಎಂ.’ ಎಂಬ ನಾಗರಿಕರ ಗುಂಪುಗಳ ಯೋಜನೆಯನ್ನು ನಗರಕ್ಕೆಲ್ಲ ವಿಸ್ತರಿಸಿತು. ಒಂದು ಗಲ್ಲಿಯ ಜನ ಮನಸ್ಸು ಮಾಡಿದ್ದರಿಂದ ಆದ ಕೆಲಸ ಇದು.

ಗ್ಯಾಲರಿಯಲ್ಲೊಂದು ತಿಪ್ಪೆ

ಹಿತ್ತಲಿಲ್ಲದ ಮನೆಯಲ್ಲಿ ತಿಪ್ಪೆ ಹೇಗೆ? ಎರಡು ದೊಡ್ಡ ಮಣ್ಣಿನ ಕುಂಡ ಸಾಕು. ತಳಕ್ಕೂ ಪಕ್ಕಗಳಿಗೂ ಸಣ್ಣ ತೂತುಗಳಿರಲಿ, ಗಾಳಿಯಾಡಬೇಕು. ಅಡಿಗೆ ತಟ್ಟೆಯೊಂದನ್ನು ಇಡಿ. ಕುಂಡದ ತಳದಲ್ಲಿ ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿಯನ್ನು ನಾಲ್ಕು ಬೆರಳು ಹಾಸಿ, ಹಳೆ ಗೊಬ್ಬರವಿದ್ದರೆ ಒಂದು ಹಿಡಿ, ಇಲ್ಲದಿದ್ದರೆ ಹುಳಿ ಮಜ್ಜಿಗೆಯನ್ನು ನೀರಿನಲ್ಲಿ ಬೆರೆಸಿ ಚಿಮುಕಿಸಿ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಅದೇ ಹೆಪ್ಪು.

ಅನಂತರ ದಿನದ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿ, ಮೇಲೆ ಅಷ್ಟೇ ಪ್ರಮಾಣದ ಒಣ ಎಲೆ ಅಥವಾ ಹರಿದ ರಟ್ಟು ಮುಚ್ಚಿ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ನಾತ ಬಂದರೆ ನೀರಂಶ ಹೆಚ್ಚಾಗಿದೆ ಎಂದರ್ಥ, ಒಣ ಎಲೆ ಹೆಚ್ಚಿಸಿ. ಇರುವೆ ಮುತ್ತಿದರೆ ಒಣಗಿದೆ ಎಂದರ್ಥ, ನೀರು ಚಿಮುಕಿಸಿ. ಬಿಳಿ ಹುಳು ಕಂಡರೆ ಹೆದರಬೇಡಿ, ಅವು ಕಸ ತಿನ್ನುವ ಕೆಲಸಗಾರರು. ಮೀನು, ಮಾಂಸ, ಹುಳಿ ಸಾರುಗಳನ್ನು ಮೊದಲ ಕೆಲವು ತಿಂಗಳು ಹಾಕದಿರುವುದು ಒಳ್ಳೆಯದು. ಒಂದು ಕುಂಡ ತುಂಬಿದಾಗ ಅದನ್ನು ಮುಚ್ಚಿಟ್ಟು ಎರಡನೆಯದನ್ನು ಶುರುಮಾಡಿ. ಎರಡು ತಿಂಗಳ ಸುಮಾರಿಗೆ ಮೊದಲನೆಯ ಕುಂಡದಲ್ಲಿ ಕಪ್ಪು, ಪುಡಿಪುಡಿಯಾದ, ಮೊದಲ ಮಳೆಯ ಮಣ್ಣಿನಂತೆ ಪರಿಮಳಿಸುವ ಗೊಬ್ಬರ ಸಿದ್ಧ. ಮಳೆಗಾಲದಲ್ಲಿ ಇರಚಲು ತಾಗದಂತೆ ಕುಂಡವನ್ನು ಒಳಗಿಟ್ಟು, ಒಣ ಎಲೆಯನ್ನು ಮೇ ತಿಂಗಳಲ್ಲೇ ಒಂದು ಗೋಣಿ ತುಂಬಿಸಿಟ್ಟುಕೊಳ್ಳಿ.

ಲೆಕ್ಕ ಹಾಕಿ ನೋಡಿ. ಒಂದು ಸಂಸಾರದಲ್ಲಿ ದಿನಕ್ಕೆ ಆರುನೂರು ಗ್ರಾಮ್ ಹಸಿ ಕಸ ಎಂದಿಟ್ಟುಕೊಳ್ಳೋಣ. ನಲವತ್ತು ಮನೆಯ ಕಟ್ಟಡದಲ್ಲಿ ದಿನಕ್ಕೆ 24 ಕಿಲೋ, ವರ್ಷಕ್ಕೆ ಎಂಟೂ ಮುಕ್ಕಾಲು ಟನ್. ಹನಿ ಹನಿ ಕೂಡಿದರೆ ಹಳ್ಳ ಎಂಬುದು ನೀರಿಗೆ ಮಾತ್ರವಲ್ಲ, ಸಿಪ್ಪೆಗೂ ಸಲ್ಲುತ್ತದೆ.

ಕಸವೇ ಹುಟ್ಟದಿದ್ದರೆ?

ಬೇರ್ಪಡಿಸುವುದಕ್ಕಿಂತಲೂ ಮೇಲು, ಕಸವನ್ನು ಹುಟ್ಟಿಸದಿರುವುದು. ಇದನ್ನು ನಮ್ಮವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತರಗಳು ಸೇರಿ ಕೌದಿಯಾಗುತ್ತಿದ್ದವು. ಕರಾವಳಿ, ಮಲೆನಾಡುಗಳಲ್ಲಿ ಊಟ ಬಾಳೆಯೆಲೆಯ ಮೇಲೆ, ಬಯಲುಸೀಮೆಯಲ್ಲಿ ಮುತ್ತುಗದೆಲೆಯ ಮೇಲೆ. ಸಂತೆಗೆ ಹೋಗುವಾಗ ಕೈಯಲ್ಲಿ ಚೀಲವಿಲ್ಲದೆ ಹೊರಟವರನ್ನು ಮನೆಯವರೇ ಹಿಂದಕ್ಕೆ ಕರೆಯುತ್ತಿದ್ದರು. ಇದೆಲ್ಲ ಪರಿಸರ ಪ್ರೇಮದಿಂದ ಮಾಡಿದ್ದಲ್ಲ, ಬಹಳಷ್ಟು ಬಡತನದಿಂದಲೇ ಮಾಡಿದ್ದು. ಆ ಬಡತನ ನಮಗೆ ಬೇಡ. ಆ ಮಿತವ್ಯಯವನ್ನು ಮಾತ್ರ ಉಳಿಸಿಕೊಂಡರೆ ನಷ್ಟವಿಲ್ಲ.

ನಮ್ಮಲ್ಲಿ ಹೋಟೆಲು ಉದ್ಯಮದವರು ಬಹಳ ಮಂದಿ ಇದ್ದಾರೆ. ಮುಂಬಯಿಗೆ ಇಡ್ಲಿ ದೋಸೆಯ ರುಚಿ ಹತ್ತಿಸಿದವರು ನಮ್ಮವರು. ಚಟ್ನಿಗೊಂದು, ಸಾಂಬಾರಿಗೊಂದು ಪ್ಲಾಸ್ಟಿಕ್ ಚೀಲ ಕಟ್ಟುವ ಬದಲು, ಮನೆಯಿಂದ ಸ್ಟೀಲ್ ಡಬ್ಬಿ ತಂದವರಿಗೆ ಒಂದೆರಡು ರೂಪಾಯಿ ಕಡಿಮೆ ಮಾಡಿ ಕೊಟ್ಟರೆ ಆ ಪದ್ಧತಿಯನ್ನೂ ಇದೇ ನಗರಕ್ಕೆ ಅವರೇ ಕಲಿಸಬಲ್ಲರು. ಗಿರಾಕಿಗಳಾದ ನಾವೂ ಡಬ್ಬಿ ಹಿಡಿದು ಹೋಗಲು ನಾಚಬಾರದು. ಡಬ್ಬಾವಾಲಾಗಳ ಊರಿನಲ್ಲಿ ಡಬ್ಬಿಗೆ ನಾಚಿಕೆಯೇ?

ಇನ್ನು ನಮ್ಮ ಸಂಘಗಳ ಮಾತು. ರಾಜ್ಯೋತ್ಸವ, ಗಣೇಶೋತ್ಸವ, ಯಕ್ಷಗಾನ, ನಾಟಕ, ಸನ್ಮಾನ ಸಮಾರಂಭಗಳು ವರ್ಷವಿಡೀ ನಡೆಯುತ್ತವೆ. ಅತಿಥಿಗಳಿಗೆ ಕೊಡುವ ಹೂಗುಚ್ಛ ಹೊಳೆಯುವ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿಕೊಂಡು ಬಂದು ವೇದಿಕೆಯ ಮೇಲೇ ಉಳಿಯುತ್ತದೆ. ಅದರ ಬದಲು ಒಂದು ಕನ್ನಡ ಪುಸ್ತಕ ಕೊಟ್ಟರೆ ಲೇಖಕನಿಗೂ ಸಂತೋಷ, ಅತಿಥಿಗೂ ಗೌರವ. ಸಂಘವೊಂದು ನೂರು ಸ್ಟೀಲ್ ತಟ್ಟೆ, ನೂರು ಲೋಟಗಳನ್ನು ಒಮ್ಮೆ ಕೊಂಡಿಟ್ಟರೆ ಅವು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತವೆ. ಸದಸ್ಯರ ಮನೆಯ ಮುಂಜಿ, ನಾಮಕರಣಗಳಿಗೂ ಎರವಲು ಕೊಡಬಹುದು. ಗಣಪತಿಯ ನಿರ್ಮಾಲ್ಯವನ್ನು ಸಮುದ್ರಕ್ಕೆ ಒಯ್ಯದೆ ಗೊಬ್ಬರದ ಗುಂಡಿಗೆ ಹಾಕಿದರೆ ದೇವರು ಮುನಿಯುವುದಿಲ್ಲ. ಮಣ್ಣಿನಿಂದ ಬಂದದ್ದು ಮಣ್ಣಿಗೇ ಸೇರುತ್ತದೆ.

ಒಂದು ವಾರದ ಪರೀಕ್ಷೆ

ಓದುಗರೇ, ದೊಡ್ಡ ಪ್ರತಿಜ್ಞೆ ಮಾಡಿ ಎಂದು ಕೇಳುತ್ತಿಲ್ಲ. ಬರುವ ಸೋಮವಾರದಿಂದ ಒಂದೇ ವಾರ ಮೂರು ಜಾಗ ಮಾಡಿ ನೋಡಿ. ಪ್ರತಿರಾತ್ರಿ ಮಕ್ಕಳ ಕೈಯಲ್ಲಿ ಮೂರನ್ನೂ ಬೇರೆ ಬೇರೆ ತೂಗಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿಸಿ. ವಾರ ಮುಗಿದಾಗ, ಹಸಿ ಕಸ ಎಷ್ಟು, ಭಂಗಾರ್‌ವಾಲಾ ಕೊಳ್ಳುವಂಥದು ಎಷ್ಟು, ಯಾರಿಗೂ ಬೇಡದ್ದು ಎಷ್ಟು ಎಂದು ಕೂಡಿಸಿ ನೋಡಿ. ಯಾರಿಗೂ ಬೇಡದ್ದರ ತೂಕ ಎಷ್ಟು ಕಡಿಮೆ ಎಂಬುದು ನಿಮಗೇ ಆಶ್ಚರ್ಯ ತಂದೀತು. ಇಷ್ಟು ದಿನ ಆ ಒಂದು ಹಿಡಿಯ ಜತೆ ಬೆರೆಸಿ ಉಳಿದದ್ದೆಲ್ಲವನ್ನೂ ದೇವನಾರ್‌ಗೆ, ಮುಲುಂಡಿಗೆ, ಕಾಂಜೂರ್‌ಮಾರ್ಗಕ್ಕೆ ಕಳುಹಿಸಿದ್ದೇವೆ.

ಆ ಕ್ಯಾಲೆಂಡರಿನ ಹಾಳೆಯನ್ನು ನಿಮ್ಮ ಸೊಸೈಟಿಯ ಮುಂದಿನ ಸಭೆಗೆ ಒಯ್ಯಿರಿ. ಪಾರ್ಕಿಂಗಿನ ಜಗಳ ಮುಗಿದ ಮೇಲೆ ಐದು ನಿಮಿಷ ಕೇಳಿ ಮಾತಾಡಿ. ಲೆಕ್ಕದ ಮುಂದೆ ವಾದ ನಿಲ್ಲುವುದು ಕಷ್ಟ. ಒಂದು ಮನೆ ಶುರುಮಾಡಿದರೆ ಎದುರು ಮನೆ ನೋಡುತ್ತದೆ, ಎರಡು ಮನೆ ಮಾಡಿದರೆ ಮಹಡಿ ನೋಡುತ್ತದೆ. ಜೋಶಿ ಲೇನ್ ಆರಂಭವಾದದ್ದೂ ಹೀಗೆಯೇ ಒಂದು ಗಲ್ಲಿಯಿಂದ.